ಹೆಬ್ಬಾತಿನ ಸಂದರ್ಶನ

ಕಾಡಿನ ವಿಶ್ವವಿದ್ಯಾಲಯದಲ್ಲಿ ಕುಲಶಾಸ್ತ್ರಕ್ಕೆ ಒಬ್ಬ ಪ್ರಾಧ್ಯಾಪಕರು ಬೇಕಾಗಿದ್ದರು. ಯಾವ ಪ್ರಾಣಿಯ ಕುಲ ಹೇಗೆ ಬಾಳುತ್ತದೆ ಎಂದು ಮರಿಗಳಿಗೆ ಕಲಿಸುವ ಕೆಲಸ ಅದು. ಆರಿಸುವವರು ಇಬ್ಬರು, ಮುದಿ ಆನೆ ಮತ್ತು ನರಿ. ಹೊರಗಿನವರು ತನ್ನ ಕುಲದ ಬಗ್ಗೆ ಪಾಠ ಹೇಳುವುದು ಆನೆಗೆ ಇಷ್ಟವಿರಲಿಲ್ಲ.

ಹಿಮದ ಬೆಟ್ಟ ದಾಟಿ ಬಂದ ಹೆಬ್ಬಾತು ಅರ್ಜಿ ಹಾಕಿತ್ತು. ಆನೆ ಅದನ್ನು ಬೆನ್ನ ಮೇಲೆ ಕೂರಿಸಿಕೊಂಡು, ಸೊಂಡಿಲಲ್ಲಿ ಮೇವಿನ ಬಿದಿರು ಹಿಡಿದು ಹೊರಟಿತು. ನರಿಯೂ ಜೊತೆಗೆ ಬಂತು. ನಡೆಯುತ್ತಲೇ ಇಬ್ಬರೂ ಪ್ರಶ್ನೆ ಕೇಳಿದರು. ಹೆಬ್ಬಾತು ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿತು. ಆದರೂ ಆನೆಗೆ ಮನಸ್ಸು ಬರಲಿಲ್ಲ.

ಹಳ್ಳದ ಹತ್ತಿರ ಆನೆಯ ಹೆಂಡತಿಯ ಮೂಳೆಗಳು ಬಿದ್ದಿದ್ದವು. ಆನೆ ನಿಂತಿತು. ಬಿದಿರನ್ನು ಮೆಲ್ಲಗೆ ಕೆಳಗಿಟ್ಟು, ಸೊಂಡಿಲಿನಿಂದ ತಲೆಬುರುಡೆ ಸವರಿತು. ಹೆಬ್ಬಾತು ಮಾತನ್ನು ಅರ್ಧಕ್ಕೇ ಬಿಟ್ಟು ನೆಲಕ್ಕಿಳಿಯಿತು.

"ಉತ್ತರ ಮುಗಿಸಿ ತಾಯಿ," ಎಂದಿತು ನರಿ. "ಸುಮ್ಮನಿದ್ದರೆ ಅಂಕ ಕೊಡೋಕಾಗಲ್ಲ."

ಹೆಬ್ಬಾತು ರೆಕ್ಕೆ ಮಡಚಿ ಬಿದಿರಿನ ಪಕ್ಕ ನಿಂತಿತು. ಕೆಲಸ ಹೋದ ಹಾಗೇ ಎಂದು ನರಿ ನಕ್ಕಿತು.

ತಲೆಬುರುಡೆಯಿಂದ ಸೊಂಡಿಲು ತೆಗೆದು ಆನೆ ಕೇಳಿತು, "ಯಾಕೆ ಇಳಿದೆ?"

"ನೀವು ಬಿದಿರು ಕೆಳಗಿಟ್ಟಿರಿ ಯಜಮಾನರೇ. ನಾನೂ ಒಂದು ಹೊರೆಯೇ ಅಲ್ಲವಾ?"

"ನಮ್ಮವರ ಮೂಳೆ ಇರೋ ಕಡೆ ನಾವು ಆನೆಗಳು ಹೊರೆ ಯಾಕೆ ಇಳಿಸ್ತೀವಿ, ಹೇಳು."

"ಗೊತ್ತಿಲ್ಲ."

"ಗೊತ್ತಿಲ್ಲವಂತೆ," ಎಂದಿತು ನರಿ. "ಮುಂದಿನವರನ್ನು ಕರೆಯೋಣವಾ?"

ಆನೆ ಹೆಬ್ಬಾತಿನತ್ತ ತಿರುಗಿತು. ಹೊರಗಿನವರು ಯಾರೂ ಇಲ್ಲಿ ಹೀಗೆ ನಿಂತದ್ದನ್ನು ಅದು ಕಂಡಿರಲಿಲ್ಲ.

"ನನಗೂ ಗೊತ್ತಿಲ್ಲ ಕಣಯ್ಯಾ," ಎಂದಿತು ನರಿಗೆ. "ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಈಕೆಯ ಪಾಠ ನಾಳೆಯೇ ಶುರುವಾಗಲಿ."

ಆಮೇಲೆ, ಹಾರಬಲ್ಲ ಹಕ್ಕಿಯ ಮುಂದೆ ಆನೆ ಮಂಡಿಯೂರಿತು, ಹತ್ತಲಿ ಎಂದು.