ನಾಯಿ ಮಲಗುವ ಮೊದಲು ಸುತ್ತುವುದು ಯಾಕೆ

ಆಗಿನ್ನೂ ಭೂಮಿಯ ಮಣ್ಣು ಪೂರ್ತಿ ಆರಿರಲಿಲ್ಲ. ನಡೆದರೆ ಹೆಜ್ಜೆ ಮೂಡುತ್ತಿತ್ತು, ಮೂಡಿದ ಹೆಜ್ಜೆ ವರ್ಷಗಟ್ಟಲೆ ಹಾಗೇ ಉಳಿಯುತ್ತಿತ್ತು. ಯಾವ ಬೆಟ್ಟ ಎಲ್ಲಿ ಕೂರಬೇಕು ಎಂದು ಬೆಟ್ಟಗಳೇ ಇನ್ನೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದವು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ನಾಯಿ ಬೆಕ್ಕು ಕೋಳಿ ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು. ಮನುಷ್ಯರೂ ಕೂತು ಕೇಳುತ್ತಿದ್ದರು.

ಆ ಕಾಲದಲ್ಲಿ ನಾಯಿ ಮಲಗುವ ರೀತಿ ಬೇರೆ ಇತ್ತು, ಕಂದ. ನಿದ್ದೆ ಬಂದರೆ ಸಾಕು, ನಿಂತಲ್ಲೇ ದೊಪ್ಪೆಂದು ಬೀಳುತ್ತಿತ್ತು. ಕೆಳಗೆ ಕಲ್ಲಿದೆಯೋ ಮುಳ್ಳಿದೆಯೋ ನೋಡುತ್ತಿರಲಿಲ್ಲ. ಬಿದ್ದ ಕೂಡಲೇ ನಿದ್ದೆ.

ಹೊಳೆ ತಿರುಗುವ ಕಡೆ ಮಾಳವ್ವ ಎಂಬ ಹೆಂಗಸಿನ ಗುಡಿಸಲಿತ್ತು. ಅವಳ ಜೊತೆ ಬೋರ ಎಂಬ ನಾಯಿಯಿತ್ತು, ಬೂದಿ ಎಂಬ ಬೆಕ್ಕಿತ್ತು. ಬೋರ ಕರುವಿನಷ್ಟು ದೊಡ್ಡವನು. ಅವನು ಬಾಲ ಅಲ್ಲಾಡಿಸಿದರೆ ಮಡಕೆಗಳು ಉರುಳುತ್ತಿದ್ದವು. ಬೂದಿ ಸಣ್ಣವಳು, ಸದ್ದಿಲ್ಲದವಳು. ಇಲಿ ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮೂವರೂ ಒಂದೇ ಒಲೆಯ ಸುತ್ತ ಮಲಗುತ್ತಿದ್ದರು.

ಹೊಳೆಯ ಆಚೆ ದಡದಲ್ಲಿ ದುಂಡಪ್ಪ ಎಂಬವನಿದ್ದ. ಅವನಿಗೆ ಮೊಟ್ಟೆಯ ಮೇಲೆ ಬಲು ಆಸೆ. ಬಂಡೆಯ ಕೆಳಗೆ ಒಂದು ಗವಿ ಕೊರೆದು, ಕೋಳಿಗಳನ್ನೆಲ್ಲ ಅದರೊಳಗೆ ತುಂಬಿ, ಬಾಗಿಲಿಗೆ ಕಲ್ಲು ಮುಚ್ಚಿದ್ದ.

"ಬೆಳಕು ಕಂಡರೆ ಕೋಳಿಗೆ ಏನೇನೋ ಯೋಚನೆ ಬರ್ತವೆ," ಎನ್ನುತ್ತಿದ್ದ. "ಕತ್ತಲಲ್ಲಿ ಕೂರಿಸಿದರೆ ಮೊಟ್ಟೆ ಬಿಟ್ಟು ಬೇರೇನೂ ನೆನಪಾಗಲ್ಲ."

ಒಳಗಿನಿಂದ ಯಾವ ಕೋಳಿಯಾದರೂ ಕೂಗಿದರೆ ಅದರ ಒಂದು ಗರಿ ಕೀಳುತ್ತಿದ್ದ. ಕೂಗಿದರೆ ಒಂದು ಗರಿ, ಮತ್ತೆ ಕೂಗಿದರೆ ಮತ್ತೊಂದು ಗರಿ. ಹೀಗೆ ಕೀಳುತ್ತ ಕೀಳುತ್ತ ಕೋಳಿಗಳ ಮೈ ಬರಿದಾಯಿತು. ಮೈ ಬರಿದಾಗುವ ಹೊತ್ತಿಗೆ ಅವು ಕೂಗುವುದನ್ನೇ ಬಿಟ್ಟಿದ್ದವು. ನೋವಾದರೂ ಇಲ್ಲ, ಹಸಿವಾದರೂ ಇಲ್ಲ, ಪಕ್ಕದ ಕೋಳಿ ಸತ್ತರೂ ಇಲ್ಲ.

ಮೊಟ್ಟೆ ನಿಂತ ಕೋಳಿಗಳನ್ನು ದುಂಡಪ್ಪ ಹೊಳೆದಂಡೆಯ ಬೂದಿಗುಡ್ಡೆಗೆ ಎಸೆಯುತ್ತಿದ್ದ. ಉಳಿದದ್ದು ನರಿಗಳ ಕೆಲಸ.

ಒಂದು ಚಳಿಗಾಲದ ಬೆಳಿಗ್ಗೆ ಹೊಳೆ ಮಾಳವ್ವನನ್ನು ಕೂಗಿ ಕರೆಯಿತು.

"ಮಾಳವ್ವ, ಗುಡ್ಡೆ ಮೇಲೆ ಏಳು ಕೋಳಿ ಬಿದ್ದಿವೆ. ಎರಡು ಇನ್ನೂ ಉಸಿರಾಡ್ತಿವೆ."

"ನೀನೇ ಯಾಕೆ ಈಚೆಗೆ ತರಲಿಲ್ಲ?" ಎಂದಳು ಮಾಳವ್ವ.

"ನಾನು ಎತ್ತಿಕೊಂಡರೆ ಮುಳುಗಿಹೋಗ್ತವೆ," ಎಂದಿತು ಹೊಳೆ. "ನನಗೆ ಎತ್ತಿಕೊಳ್ಳೋದು ಬರಲ್ಲ."

ಮಾಳವ್ವ ಬುಟ್ಟಿ ಹಿಡಿದು ಸೊಂಟದುದ್ದ ನೀರಲ್ಲಿ ದಾಟಿದಳು. ಎರಡು ಕೋಳಿಗಳನ್ನು ಸೆರಗಿನಲ್ಲಿ ಸುತ್ತಿ ತಂದಳು. ದೊಡ್ಡದಕ್ಕೆ ಕತ್ತಿನ ಹತ್ತಿರ ನಾಲ್ಕೈದು ಕೆಂಚು ಗರಿ ಉಳಿದಿದ್ದವು. ಅದನ್ನು ಕೆಂಚಿ ಎಂದು ಕರೆದಳು. ಸಣ್ಣದಕ್ಕೆ ಒಂದು ಗರಿಯೂ ಇರಲಿಲ್ಲ. ಅಂಗೈಯಲ್ಲಿ ಹಿಡಿದರೆ ಅದರ ಎದೆ ಬಡಿಯುವುದು ಕಾಣುತ್ತಿತ್ತು. ಅದಕ್ಕೆ ಚಿಟ್ಟಿ ಎಂದು ಹೆಸರಿಟ್ಟಳು.

ಅಂಗಳದಲ್ಲಿ ಇಳಿಸಿದರೆ ಎರಡೂ ನಿಲ್ಲಲಾರದೆ ಕುಸಿದವು. ಕೆಂಚಿ ತಲೆ ಎತ್ತಿ ಮೇಲೆ ನೋಡಿದಳು. ತುಂಬ ಹೊತ್ತಾದ ಮೇಲೆ ಮೆಲ್ಲಗೆ, ತೀರಾ ಮೆಲ್ಲಗೆ ಕೇಳಿದಳು.

"ಅದೇನು?"

"ಆಕಾಶ," ಎಂದಳು ಮಾಳವ್ವ.

"ಅದಕ್ಕೆ ಮುಚ್ಚಳ ಇಲ್ಲವಾ?"

ಮಾಳವ್ವ ಮುಖ ಆಚೆ ತಿರುಗಿಸಿಕೊಂಡು ನವಣೆ ನೆನೆಹಾಕಲು ಒಳಗೆ ಹೋದಳು. ಚಿಟ್ಟಿ ಮಾತ್ರ ಏನೂ ಕೇಳಲಿಲ್ಲ. ಅವಳಿಗೆ ದನಿಯೇ ಉಳಿದಿರಲಿಲ್ಲ. ಕೊಕ್ಕು ತೆರೆದರೆ ಬರೀ ಗಾಳಿ ಬರುತ್ತಿತ್ತು.

ಬೂದಿ ಗೋಡೆಯ ಮೇಲೆ ಕೂತು ನೋಡುತ್ತಿದ್ದಳು. ಅವಳ ಬಾಲದ ತುದಿ ಅಲ್ಲಾಡುತ್ತಿತ್ತು.

"ಬೂದಿ, ಇವು ಊಟ ಅಲ್ಲ," ಎಂದಳು ಮಾಳವ್ವ.

"ಊಟದ ಹಾಗೇ ಇವೆಯಲ್ಲ."

"ಹೊಸ್ತಿಲು ದಾಟಿ ಬಂದವರು ಯಾರೂ ಊಟ ಅಲ್ಲ. ನೀನೂ ಹಾಗೇ ಬಂದವಳು. ಮಾತು ಕೊಡು."

ಬೂದಿ ಕಣ್ಣು ಮುಚ್ಚಿ ಯೋಚಿಸಿದಳು. "ಕೊಟ್ಟೆ," ಎಂದಳು. ಆಮೇಲೆ ಗೋಡೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ನೋಡಿದರೆ ಆಸೆಯಾಗುತ್ತದೆ ಎಂದು ನೋಡುವುದನ್ನೇ ಬಿಟ್ಟಳು.

ಮಾತು ಕೊಡು ಎಂದು ಬೋರನನ್ನು ಯಾರೂ ಕೇಳಲಿಲ್ಲ. ಅವನು ಅಷ್ಟು ಒಳ್ಳೆಯವನು. ಮೊದಲನೆಯ ದಿನವೇ ಕೋಳಿಗಳ ಹತ್ತಿರ ಬಂದು ಉದ್ದಕ್ಕೆ ಮಲಗಿ, "ಚಳಿಯಾದರೆ ಬನ್ನಿ, ನನ್ನ ಹೊಟ್ಟೆ ಬೆಚ್ಚಗಿದೆ," ಎಂದಿದ್ದ. ಗರಿಯಿಲ್ಲದ ಎರಡು ಮೈಗಳು ನಡುಗುತ್ತ ಅವನ ಹೊಟ್ಟೆಯ ರೋಮದೊಳಗೆ ಸೇರಿಕೊಂಡವು. ಬೋರ ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ.

ಆಮೇಲೆ ದಿನಾ ಹಾಗೇ ಆಯಿತು. ಬೋರ ಒಲೆಯ ಪಕ್ಕದ ನಾರಿನ ಚಾಪೆಯ ಮೇಲೆ ಮಲಗುತ್ತಿದ್ದ, ಕೋಳಿಗಳು ಬಂದು ಅವನ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದವು. ಕೆಂಚಿ ಅಂಗಳದ ಮಣ್ಣು ಕೆದಕುವುದನ್ನು ಕಲಿತಳು. ಚಿಟ್ಟಿ ಬೋರನ ಹಿಂದೆ ಹಿಂದೆಯೇ ನಡೆಯುತ್ತಿದ್ದಳು. ಅವನು ನೀರು ಕುಡಿದರೆ ಅವಳೂ ಕುಡಿಯುತ್ತಿದ್ದಳು, ಅವನು ಬಾಗಿಲಲ್ಲಿ ಕೂತರೆ ಅವಳೂ ಕೂರುತ್ತಿದ್ದಳು. ಅವಳ ಬೆನ್ನಿನ ಮೇಲೆ ಮೊಳಕೆಯ ಹಾಗೆ ಗರಿಗಳ ತುದಿಗಳು ಮೂಡತೊಡಗಿದವು. ಮಾಳವ್ವ ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಚಿಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, "ಕೂಗೇ, ಇಲ್ಲಿ ಯಾರೂ ಗರಿ ಕೀಳಲ್ಲ," ಎನ್ನುತ್ತಿದ್ದಳು. ಚಿಟ್ಟಿ ಕೊಕ್ಕು ತೆರೆಯುತ್ತಿದ್ದಳು. ಗಾಳಿ ಬರುತ್ತಿತ್ತು.

ಮಾಳವ್ವ ಮನೆಯಿಂದ ಹೊರಗೆ ಹೋಗುವಾಗಲೆಲ್ಲ ಬೂದಿಯನ್ನು ತಿರುತಿರುಗಿ ನೋಡುತ್ತಿದ್ದಳು.

ಒಂದು ದಿನ ಆಚೆ ದಡದಿಂದ ನರಿ ಬಂತು. ಕೋಳಿಯ ವಾಸನೆ ಹಿಡಿದು ಅಂಗಳದವರೆಗೂ ಬಂತು. ಬೋರ ಅದರ ಮೇಲೆ ಎರಗಿದ. ನರಿ ಓಡಿತು, ಬೋರ ಬೆನ್ನಟ್ಟಿದ. ಜಾಲಿಯ ಪೊದೆಗಳಲ್ಲಿ ಓಡಿದರು, ಹೊಳೆ ಈಜಿದರು, ಬೂದಿಗುಡ್ಡೆ ದಾಟಿದರು. ನರಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬೋರ ಹಿಂದಿರುಗಿದ. ಅಷ್ಟು ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಜಿನುಗು ಮಳೆ ಹಿಡಿದಿತ್ತು. ಮೈ ತೋಯ್ದು, ಕಾಲು ಸೋತು, ಕಣ್ಣು ತೆರೆಯಲಾರದೆ ಅವನು ಒಳಗೆ ಬಂದ. ಒಲೆಯ ಪಕ್ಕದ ಚಾಪೆಯ ಮೇಲೆ ಯಾವಾಗಿನಂತೆ ದೊಪ್ಪೆಂದು ಬಿದ್ದ. ಬಿದ್ದ ಕೂಡಲೇ ನಿದ್ದೆ.

ಮಾಳವ್ವ ಸೌದೆ ಹೊತ್ತು ಬಂದಳು. ಕೆಂಚಿ ಮೂಲೆಯಲ್ಲಿ ನಿಂತಿದ್ದಳು. ಬೂದಿ ಗೋಡೆಯ ಮೇಲಿದ್ದಳು. ಮಾಳವ್ವ ಸೌದೆ ಇಳಿಸಿದಳು.

"ಚಿಟ್ಟಿ ಎಲ್ಲಿ?"

ಅಂಗಳ ನೋಡಿದಳು, ಮಡಕೆಗಳ ಹಿಂದೆ ನೋಡಿದಳು. ಆಮೇಲೆ ಒಂದೇ ನೆಗೆತಕ್ಕೆ ಬೂದಿಯ ಕತ್ತು ಹಿಡಿದು ಗೋಡೆಯಿಂದ ಎಳೆದಳು.

"ಮಾತು ಕೊಟ್ಟಿದ್ದೆಯಲ್ಲೇ! ಬಾಯಿ ತೆರೆ, ನೋಡೋಣ!"

ಬೂದಿ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಅವಳು ಮಾಳವ್ವನ ಮುಖವನ್ನೇ ನೋಡುತ್ತ, "ಬೆಳಿಗ್ಗೆಯಿಂದ ನಾನು ಈ ಕಡೆ ತಿರುಗಿಯೂ ಇಲ್ಲ," ಎಂದಳು.

ಗಲಾಟೆಗೆ ಬೋರನಿಗೆ ಎಚ್ಚರವಾಯಿತು. "ಏನಾಯ್ತವ್ವಾ?" ಎನ್ನುತ್ತ ಎದ್ದು ನಿಂತ.

ಅವನು ಮಲಗಿದ್ದ ಜಾಗದಲ್ಲಿ ಚಿಟ್ಟಿ ಇದ್ದಳು.

ಮಳೆಯ ಚಳಿಗೆ ಅವಳು ಮೊದಲೇ ಬಂದು ಚಾಪೆಯ ಮೇಲೆ ಕೂತು ಬೋರನಿಗಾಗಿ ಕಾಯುತ್ತಿದ್ದಳು. ಅವನು ಮೇಲೆ ಬಿದ್ದಾಗ ಕೊಕ್ಕು ತೆರೆದಿರಬೇಕು. ಕೊಕ್ಕು ತೆರೆದೇ ಇತ್ತು. ದನಿ ಬಂದಿರಲಿಲ್ಲ.

ಬೋರ ಮೂಗಿನಿಂದ ಅವಳನ್ನು ನೂಕಿದ. "ಏಳು," ಎಂದ. "ಚಿಟ್ಟಿ, ಏಳು. ನಾನು ಎದ್ದೆನಲ್ಲ, ನೀನೂ ಏಳು." ಇನ್ನೊಮ್ಮೆ ನೂಕಿದ. ಮಾಳವ್ವ ನೆಲದ ಮೇಲೆ ಕೂತುಬಿಟ್ಟಳು.

ಹಿತ್ತಲಲ್ಲಿ ಹೊಂಗೆಯ ಗಿಡದ ಕೆಳಗೆ ಗುಂಡಿ ತೋಡಿದರು. ಆಗಿನ ಮಣ್ಣು ಹಸಿಮಣ್ಣು, ತೋಡುವುದು ಸುಲಭವಿತ್ತು. ಬೋರನೇ ತೋಡಿದ. ಮಾಳವ್ವ ಬೂದಿಯ ಹತ್ತಿರ ಹೋಗಿ, "ತಪ್ಪಾಯ್ತು ಕಣೇ," ಎಂದಳು. ಬೂದಿ, "ಹೂಂ," ಎಂದಳು, ಅಷ್ಟೆ. ಅಂದು ಅವಳು ತೊಡೆಗೆ ಬರಲಿಲ್ಲ. ಎಷ್ಟೋ ದಿನ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಬೋರ ಹೊಳೆಯ ಹತ್ತಿರ ಹೋದ.

"ಹೊಳೆಯೇ, ನನ್ನ ಭಾರ ತೆಗೆದುಕೋ. ಬೆಕ್ಕಿನಷ್ಟು ಹಗುರ ಮಾಡು."

"ನನ್ನ ಭಾರವೇ ನನಗೆ ಹೆಚ್ಚಾಗಿದೆ," ಎಂದಿತು ಹೊಳೆ. "ಎಷ್ಟು ಕರುಗಳ ಮೇಲೆ ಹರಿದಿದ್ದೇನೋ. ಹಿಂದಿನ ನೀರು ನೂಕುತ್ತೆ, ಮುಂದಕ್ಕೆ ಹೋಗ್ತೀನಿ. ನನಗೆ ನಿಲ್ಲೋದು ಬರಲ್ಲ, ಬೋರ."

ಬೋರ ಗಾಳಿಯನ್ನು ಕೇಳಿದ. "ಗಾಳಿಯೇ, ಕೊಂದೆ ಅನ್ನೋದನ್ನ ನನ್ನ ತಲೆಯಿಂದ ಹಾರಿಸಿಕೊಂಡು ಹೋಗು."

"ನಾನು ಗೂಡು ಬೀಳಿಸಿದ್ದೀನಿ, ಮರಿ ಬೀಳಿಸಿದ್ದೀನಿ," ಎಂದಿತು ಗಾಳಿ. "ತಿರುಗಿ ನೋಡಿಲ್ಲ, ಅದಕ್ಕೇ ಬೀಸುತ್ತಾ ಇದ್ದೀನಿ. ನೀನೂ ತಿರುಗಿ ನೋಡಬೇಡ."

"ಆಗಲೇ ನೋಡಿಬಿಟ್ಟೆನಲ್ಲ," ಎಂದ ಬೋರ.

ಗಾಳಿ ಜಾಲಿಯ ಪೊದೆಯೊಳಗೆ ಹೋಯಿತು.

ಬೋರ ಮನೆಗೆ ಬಂದು ಅಂಗಳದಲ್ಲಿ ನಿಂತ. ಮಲಗಲಿಲ್ಲ. ಹೊತ್ತು ಮುಳುಗಿದರೂ ಮಲಗಲಿಲ್ಲ. ಎರಡನೆಯ ದಿನವೂ ನಿಂತೇ ಇದ್ದ, ಮೂರನೆಯ ದಿನವೂ ನಿಂತೇ ಇದ್ದ. ಕಣ್ಣು ಮುಚ್ಚಿ ತೂಗಾಡುತ್ತಿದ್ದ, ಬೀಳುವಂತಾದರೆ ಬೆಚ್ಚಿ ಕಾಲು ಊರುತ್ತಿದ್ದ. ಕಾಲುಗಳು ಬಾತುಕೊಂಡವು. ಮಾಳವ್ವ ಗಂಜಿ ತಂದು ಮುಂದಿಟ್ಟಳು. ಮುಟ್ಟಲಿಲ್ಲ.

"ನೀನೂ ಸತ್ತರೆ ಅವಳು ಎದ್ದು ಬರ್ತಾಳೇನೋ?" ಎಂದಳು.

"ಬರಲ್ಲ ಅವ್ವಾ. ಆದರೆ ಮಲಗಿದರೆ ನನ್ನ ಕೆಳಗೆ ಯಾರಿರ್ತಾರೋ ನನಗೆ ಗೊತ್ತಾಗಲ್ಲ."

"ಯಾರೂ ಇಲ್ಲ ಬಾ."

"ಅವತ್ತೂ ಯಾರೂ ಇಲ್ಲ ಅಂದ್ಕೊಂಡೇ ಮಲಗಿದ್ದೆ."

ಮಾಳವ್ವ ಅವನ ಪಕ್ಕ ಕೂತಳು. ನಾಲ್ಕನೆಯ ದಿನವೂ ಹಾಗೇ ಕಳೆಯಿತು.

ಐದನೆಯ ದಿನ ಬೆಳಿಗ್ಗೆ ಚಳಿ ಹೆಚ್ಚಾಯಿತು. ಅರ್ಧ ಗರಿ ಬಂದಿದ್ದ ಕೆಂಚಿ ಬಾಗಿಲಲ್ಲಿ ನಿಂತು ನಡುಗುತ್ತಿದ್ದಳು. ಬೋರನ ಹತ್ತಿರ ಬರಲು ಅವಳಿಗೆ ಭಯ. ದೂರವಿರಲು ಚಳಿ. ಅವಳು ಎರಡು ಹೆಜ್ಜೆ ಮುಂದೆ ಬಂದಳು, ಒಂದು ಹೆಜ್ಜೆ ಹಿಂದೆ ಹೋದಳು.

"ಬೋರ," ಎಂದಳು. ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನನಗೆ ದನಿ ಇದೆ. ನಾನು ಕೆಳಗಿದ್ದರೆ ಕೂಗ್ತೀನಿ."

"ದನಿ ಇಲ್ಲದವರು ಇದ್ದರೆ?"

ಕೆಂಚಿ ಕತ್ತು ಓರೆ ಮಾಡಿ ಯೋಚಿಸಿದಳು. "ಹಾಗಾದರೆ ನೀನೇ ನೋಡಬೇಕು," ಎಂದಳು.

ಬೋರ ಒಳಗೆ ಬಂದ. ಬಾತ ಕಾಲಲ್ಲಿ ಕುಂಟುತ್ತ ಚಾಪೆಯ ಹತ್ತಿರ ಬಂದ. ಮೂಗು ನೆಲಕ್ಕೆ ತಾಗಿಸಿ ಚಾಪೆಯ ಸುತ್ತ ಒಂದು ಸುತ್ತು ಬಂದ. ವಾಸನೆ ನೋಡಿದ. ನಂಬಿಕೆ ಬರಲಿಲ್ಲ. ಕಣ್ಣು ಅಗಲಿಸಿ ನೋಡುತ್ತ ಇನ್ನೊಂದು ಸುತ್ತು ಬಂದ. ಆಗಲೂ ನಂಬಿಕೆ ಬರಲಿಲ್ಲ. ಪಾದದಿಂದ ಚಾಪೆಯನ್ನು ಮೆಲ್ಲಗೆ ಮುಟ್ಟಿ ಮುಟ್ಟಿ ಮೂರನೆಯ ಸುತ್ತು ಬಂದ. ಆಮೇಲೆ ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಆಮೇಲೆ ಎದೆ, ಹೀಗೆ ಒಂದೊಂದಾಗಿ ನೆಲಕ್ಕೆ ತಂದು ಮಲಗಿದ. ಮಲಗಿದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟ. ಮಾಳವ್ವ ಬಾಗಿಲಿಗೆ ಒರಗಿ ಅಳುತ್ತಿದ್ದಳು.

ಕೆಂಚಿ ಅವನ ಹೊಟ್ಟೆಯ ಹತ್ತಿರ ಹೋಗಲಿಲ್ಲ. ಹೋಗಬೇಕೆಂದೇ ಬಂದಿದ್ದಳು. ಆದರೆ ಒಂದು ಗೇಣು ದೂರದಲ್ಲಿ ಅವಳ ಕಾಲುಗಳು ನಿಂತುಬಿಟ್ಟವು. ಅಲ್ಲೇ ಕೂತಳು. ಅವನ ಬಿಸಿ ಸ್ವಲ್ಪ ಸ್ವಲ್ಪ ಅಲ್ಲಿಗೂ ಬರುತ್ತಿತ್ತು.

"ಇಲ್ಲಿದ್ದೀನಿ," ಎಂದಳು.

"ಗೊತ್ತು," ಎಂದ ಬೋರ.

ಗರಿ ಪೂರ್ತಿ ಬಂದ ಮೇಲೆ ಕೆಂಚಿ ಸಂಜೆಯಾದರೆ ಗುಡಿಸಲ ಅಡ್ಡತೊಲೆಯ ಮೇಲೆ ಹಾರಿ ಕೂರತೊಡಗಿದಳು. ಬೋರ ಕೆಳಗೆ, ಅವಳು ಮೇಲೆ. ಹಗಲೆಲ್ಲ ಒಂದೇ ಅಂಗಳದಲ್ಲಿ ಇರುತ್ತಿದ್ದರು, ಒಂದೇ ಬೋಗುಣಿಯ ನೀರು ಕುಡಿಯುತ್ತಿದ್ದರು, ಆದರೆ ಅವರು ಮತ್ತೆಂದೂ ಒತ್ತಿಕೊಂಡು ಮಲಗಲಿಲ್ಲ. ಮಾಳವ್ವ ಆಮೇಲೂ ಬೂದಿಗುಡ್ಡೆಯಿಂದ ಎಷ್ಟೋ ಕೋಳಿಗಳನ್ನು ತಂದಳು. ಕೆಲವು ಬದುಕಿದವು, ಕೆಲವು ಬದುಕಲಿಲ್ಲ. ಬೋರ ಸಾಯುವ ದಿನದವರೆಗೂ ಮೂರು ಸುತ್ತು ಬರದೆ ಮಲಗಲಿಲ್ಲ. ಅವನ ಮರಿಗಳು ಅವನನ್ನು ನೋಡಿ ಕಲಿತವು, ಮರಿಗಳ ಮರಿಗಳು ಅವುಗಳನ್ನು ನೋಡಿ ಕಲಿತವು.

ಮಣ್ಣು ಆರಿತು, ಕಂದ. ಹೊಳೆ, ಗಾಳಿ, ಪ್ರಾಣಿಗಳೆಲ್ಲ ಮನುಷ್ಯರೊಡನೆ ಮಾತು ಬಿಟ್ಟವು. ಆದರೂ ಇವತ್ತಿಗೂ ಯಾವ ಮನೆಯ ನಾಯಿಯಾದರೂ, ಬರೀ ನೆಲವಿರಲಿ ಮೆತ್ತನೆಯ ಗೋಣಿಯಿರಲಿ, ಮೂಸುತ್ತ ಮೂರು ಸುತ್ತು ಸುತ್ತಿ ಆಮೇಲೆ ಮಲಗುವುದು, ತನ್ನ ಕೆಳಗೆ ಕೂಗಲು ಬಾರದವರು ಯಾರಾದರೂ ಇದ್ದಾರಾ ಎಂದು ನೋಡಿಕೊಂಡೇ.