ಜಗದೇವಿಯ ಮನೆಯಲ್ಲಿ ಪೂಜ್ಯರು ಕಳೆದ ಎಂಟು ದಿನ

ಬಂಡೆಹಾಳದ ಮಠವೆಂದರೆ ಹಾಸುಗಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಒಂದು ಕೋಣೆ, ಅದರ ಮುಂದೊಂದು ಕಟ್ಟೆ. ಅಷ್ಟೇ. ಸುತ್ತ ಎತ್ತ ನೋಡಿದರೂ ಕಲ್ಲುಗಣಿಗಳು. ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಗಳಲ್ಲಿ ಆಳೆತ್ತರ ನೀರು. ಅಂಥ ಕಡೆ ಪೂಜ್ಯ ಶ್ರೀ ನಿರ್ವಾಣಜ್ಜನವರು ಮೂವತ್ತು ವರ್ಷಗಳಿಂದ ವಾಸವಾಗಿದ್ದರು. ದಿನಕ್ಕೆ ಐದು ಮನೆಗಳಲ್ಲಿ ಭಿಕ್ಷೆ ಸ್ವೀಕರಿಸುತ್ತಿದ್ದರು. ಮಾತು ಬಹಳ ಕಡಿಮೆ. ಪ್ರವಚನ ಮಾಡಿರೆಂದು ಭಕ್ತರು ಬೇಡಿಕೊಂಡರೆ ನಕ್ಕು ಸುಮ್ಮನಾಗುತ್ತಿದ್ದರು.

ಅದೇ ಊರಿನ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದವರು ಚನಮಲ್ಲಪ್ಪ ಮಾಸ್ತರರು. ಪಾಠದಲ್ಲಿ ಗಟ್ಟಿಗರು, ಶಿಸ್ತಿನಲ್ಲಿ ಕಠಿಣರು. ಕಾವಿ ಬಟ್ಟೆ ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. "ದುಡಿಯಲಾರದವರು ಕಾವಿ ಉಡ್ತಾರ" ಎಂದು ಸಹಶಿಕ್ಷಕರ ಮುಂದೆ ಬಹಿರಂಗವಾಗಿಯೇ ಹೇಳುತ್ತಿದ್ದರು. ಈ ಪ್ರಸಂಗವನ್ನು ನನಗೆ ಹೇಳಿದವರೂ ಅವರೇ. ನಿವೃತ್ತರಾಗಿ ಬಹಳ ವರ್ಷಗಳಾದ ಮೇಲೆಯೂ ಅರ್ಧಕ್ಕೆ ಬಂದಾಗ ಅವರ ದನಿ ನಿಂತುಬಿಡುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಮುಂದುವರಿಸುತ್ತಿದ್ದರು.

ಗಣಿ ಕೆಲಸದವರ ಮಕ್ಕಳು ಶಾಲೆಗೆ ಇವತ್ತು ಬಂದರೆ ನಾಳೆ ಇಲ್ಲ. ಈ ಜನಕ್ಕೆ ಅಕ್ಷರದ ಹಸಿವೇ ಇಲ್ಲವೆಂಬುದು ಮಾಸ್ತರರ ತೀರ್ಮಾನವಾಗಿತ್ತು. ಅದಕ್ಕೆ ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡರು. ಹತ್ತು ದಿನ ಸತತ ಬಾರದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುವುದು. ನಾಲ್ಕನೆಯ ತರಗತಿಯ ಜಗದೇವಿಯ ಹೆಸರು ಹಾಗೆ ಹೋಯಿತು. ಮರುದಿನವೇ ಆ ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ನಿನ್ನ ಹೆಸರು ತಗದೀನಿ. ನಿಮ್ಮವ್ವನ್ನ ಕರಕೊಂಡು ಬಂದ್ರ ಒಳಗ ಬಾ. ಇಲ್ಲಾ ಅಂದ್ರ ಬರಬ್ಯಾಡ" ಎಂದರು ಮಾಸ್ತರರು. ಅವಳು ತಿರುಗಿ ಹೋದಳು. ಮಾಸ್ತರರು ಆಗಲೇ ಅದನ್ನು ಮರೆತರು.

ಎಂಟು ದಿನ ಕಳೆದವು. ತರಗತಿಗಳು ಅರ್ಧ ಖಾಲಿಯಾಗಿದ್ದವು. ಸಹಶಿಕ್ಷಕರೊಬ್ಬರು, "ಸರ್, ಈ ಜನ ನಮ್ಮ ಮಾತು ಕೇಳಂಗಿಲ್ಲ, ಅಜ್ಜಾರ ಮಾತು ಮೀರಂಗಿಲ್ಲ. ಒಮ್ಮೆ ಹೋಗಿ ಹೇಳಿ ನೋಡ್ರಿ" ಎಂದರು. ಮಾಸ್ತರರಿಗೆ ಮನಸ್ಸಿರಲಿಲ್ಲ. ಆದರೂ ಅಂದು ಮಧ್ಯಾಹ್ನ ಊಟದ ಗಂಟೆಯಾದ ಮೇಲೆ ಮಠಕ್ಕೆ ಹೊರಟರು. ಮಕ್ಕಳನ್ನು ಶಾಲೆಗೆ ಕಳಿಸದಿದ್ದರೆ ಶಿವ ಮುನಿಯುತ್ತಾನೆಂದು ಅಜ್ಜ ಒಂದು ಮಾತು ಹೆದರಿಸಿದರೆ ಸಾಕು, ಉಳಿದದ್ದನ್ನು ತಾವು ನೋಡಿಕೊಂಡರಾಯಿತು ಎಂಬುದು ಅವರ ಲೆಕ್ಕಾಚಾರ.

ಮಠದ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಗುರುಬಾಯಿ ಎಂಬ ಭಕ್ತೆ ಕಾಯಿ, ಕರ್ಪೂರದ ತಾಟು ಹಿಡಿದು ಮುಖ ಗಂಟಿಕ್ಕಿ ಕೂತಿದ್ದಳು.

"ಎಂಟು ದಿನ ಆತ್ರಿ ಸರ್, ಪಾದಪೂಜಿ ಇಲ್ಲ, ದರ್ಶನ ಇಲ್ಲ. ಹೊತ್ತು ಹುಟ್ಟೂದ್ರಾಗ ಹೋಗಿಬಿಡ್ತಾರ, ಸಂಜಿಮುಂದ ಬರ್ತಾರ. ಎಲ್ಲಿಗ್ರಿ ಅಂತ ಕೇಳಿದ್ರ ಕೆಲಸ ಅದ ಅಂತಾರ. ಅವರಿಗೆಂಥಾ ಕೆಲಸರೀ?" ಎಂದು ಆಕೆ ಕೂಲಿಯವರ ಗುಡಿಸಲುಗಳ ಕಡೆ ಕೈ ಮಾಡಿದಳು.

ಮಾಸ್ತರರ ಮನಸ್ಸಿನಲ್ಲಿ ಕೆಟ್ಟ ಸಂಶಯವೊಂದು ಹೊಕ್ಕಿತು. ಹಗಲಿಡೀ ಗಂಡಸರು ಹೆಂಗಸರು ಗಣಿಯಲ್ಲಿರುವಾಗ ಈ ಸನ್ಯಾಸಿಗೆ ಆ ಗುಡಿಸಲುಗಳಲ್ಲಿ ಏನು ಕೆಲಸ? ಇಂದು ಬಣ್ಣ ಬಯಲಾಗಲಿ ಎಂದುಕೊಂಡು ಅತ್ತ ನಡೆದರು.

ಸಾಲಿನ ಕೊನೆಯ ಗುಡಿಸಲಿನ ಮುಂದೆ ಅವರು ನಿಂತರು. ಊರಿಗೆ ಊರೇ ಅಡ್ಡಬೀಳುವ ನಿರ್ವಾಣಜ್ಜನವರು ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹೊಲಸಾದ ಬಟ್ಟೆಗಳನ್ನು ಒಗೆಯುತ್ತಿದ್ದರು. ಅವರ ಬೆನ್ನಿಗೆ ಕಾವಿಯ ವಸ್ತ್ರದಲ್ಲಿ ಕಟ್ಟಿದ ಕೂಸೊಂದು ನಿದ್ದೆಹೋಗಿತ್ತು. ಒಳಗೆ ಹಾಸಿಗೆಯಲ್ಲಿ ಲಕ್ವ ಹೊಡೆದ ಮುದುಕಿಯೊಬ್ಬಳು ಮಲಗಿದ್ದಳು. ಆಕೆಯ ಬಾಯಿಯ ಪಕ್ಕದಲ್ಲಿ ಆಗಷ್ಟೇ ಕುಡಿಸಿದ ಅಂಬಲಿಯ ಗುರುತಿತ್ತು.

"ಬರ್ರಿ ಮಾಸ್ತರ್ರ" ಎಂದರು ಪೂಜ್ಯರು, ಕೈಕೆಲಸ ನಿಲ್ಲಿಸದೆ.

"ಇದು... ಇದು ಯಾರ ಮನಿರಿ?"

"ಸಾಬಮ್ಮನ ಮನಿ. ಹ್ವಾದ ವರ್ಷ ಆಕಿ ಗಂಡ ಖಣಿಯಾಗ ಕಲ್ಲಿನ ಬುಡಕ ಸಿಕ್ಕು ಹ್ವಾದ. ಆಕಿ ಹೊತ್ತು ಹುಟ್ಟೂ ಮುಂದ ಖಣಿಗೆ ಹೋಗ್ತಾಳ. ಈ ತಾಯಿನ್ನ, ಈ ಕೂಸಿನ್ನ ಆಕಿ ಮಗಳು ನೋಡ್ಕೋತಿತ್ತು. ಭಿಕ್ಷಾಕ್ಕ ಬಂದಾಗ ಕಂಡೆ. ಸಾಲಿಗೆ ಯಾಕ ಹೋಗಿಲ್ಲವ್ವಾ ಅಂದೆ. ನಾ ಹ್ವಾದ್ರ ಇವರನ್ನ ಯಾರು ನೋಡ್ಕೋಬೇಕ್ರಿ ಅಂತ್ರಿ ಅದು. ಮರುದಿನದಿಂದ ನಾ ಬರ್ಲಕತ್ತೀನಿ, ಅದು ಸಾಲಿಗೆ ಹೊಂಟದ."

ಮಾಸ್ತರರು ಒಂದು ಹೆಜ್ಜೆ ಮುಂದಿಟ್ಟರು. "ಹುಡುಗಿ ಹೆಸರು?"

"ಜಗದೇವಿ. ನಿಮ್ಮ ನಾಕನೇ ಕ್ಲಾಸಿನಾಗೇ ಅದಲ್ರಿ."

ಸುಳ್ಳು ಹೇಳಿ ಹೋಗಿಬಿಡಬಹುದಿತ್ತೆಂದು ಮಾಸ್ತರರು ನನ್ನ ಬಳಿ ಒಪ್ಪಿಕೊಂಡರು. ಆದರೆ ಆ ಬೆನ್ನಿನ ಮೇಲಿದ್ದ ಕೂಸನ್ನು ನೋಡುತ್ತ ಸುಳ್ಳು ಹೊರಡಲಿಲ್ಲ.

"ಅಜ್ಜಾರ... ಆ ಹುಡುಗಿ ಸಾಲ್ಯಾಗ ಇಲ್ರಿ. ಎಂಟು ದಿನದ ಹಿಂದ ಬಂದಿದ್ಲು. ನಾನೇ ಹೊರಗ ಕಳಿಸೀನಿ."

ಪೂಜ್ಯರ ಕೈ ನಿಂತಿತು. ಒಗೆಯುತ್ತಿದ್ದ ಬಟ್ಟೆ ಜಾರಿ ಕಲ್ಲಿನ ಮೇಲೆ ಬಿತ್ತು. ಮೂವತ್ತು ವರ್ಷಗಳಲ್ಲಿ ಅವರ ಮುಖ ಬಣ್ಣಗೆಟ್ಟದ್ದನ್ನು ಯಾರೂ ಕಂಡಿರಲಿಕ್ಕಿಲ್ಲ.

"ದಿನಾ ಸಂಜಿಮುಂದ ಬಂದು ನನಗ ಪಾಠ ಒಪ್ಪಸ್ತದ" ಎಂದರು ಮೆಲ್ಲಗೆ. "ನಿನ್ನೆ ಒಂಬತ್ತರ ಮಗ್ಗಿ ಹೇಳ್ತು. ಸಾಲ್ಯಾಗ ಇಲ್ಲ ಅಂದ್ರ, ಮತ್ತ ಆ ಹುಡುಗಿ ದಿನಾ ಎಲ್ಲಿ ಹೋಗ್ತದ?"

ಇಬ್ಬರ ಕಣ್ಣೂ ಒಟ್ಟಿಗೆ ನೀರು ತುಂಬಿದ ಗುಂಡಿಗಳ ಕಡೆ ಹೊರಳಿದವು. ಮಾಸ್ತರರು ಓಡತೊಡಗಿದರು. ಗುಂಡಿಯಿಂದ ಗುಂಡಿಗೆ ಹೋಗಿ ಅಂಚಿನಲ್ಲಿ ನಿಂತು ಹೆಸರು ಹಿಡಿದು ಕೂಗಿದರು. ಪಂಚೆ ಮುಳ್ಳಿಗೆ ಸಿಕ್ಕಿ ಹರಿಯಿತು. ಎಲ್ಲಿಯೂ ಉತ್ತರವಿಲ್ಲ. ಜನರನ್ನಾದರೂ ಸೇರಿಸೋಣವೆಂದು ಶಾಲೆಯ ಹಿಂಬದಿಯಿಂದ ಅಡ್ಡಹಾದಿ ಹಿಡಿದು ಬಂದರು.

ಒಳಗೆ ನಾಲ್ಕನೆಯ ತರಗತಿಯಲ್ಲಿ ಸಹಶಿಕ್ಷಕರ ದನಿ ಕೇಳುತ್ತಿತ್ತು. "ಒಂಬತ್ತೇಳಲೆ ಎಷ್ಟು?" ಮಕ್ಕಳಾರೂ ಹೇಳಲಿಲ್ಲ.

"ಅರವತ್ಮೂರು" ಎಂದಿತು ಪಿಸುದನಿಯೊಂದು, ಗೋಡೆಯ ಈಚೆಯಿಂದ.

ಕಿಟಕಿಯ ಕೆಳಗೆ, ಗೋಡೆಗೂ ಜಾಲಿ ಕಂಟಿಗೂ ನಡುವಿನ ಮೊಳಗಲ ಜಾಗದಲ್ಲಿ, ರಣಬಿಸಿಲಿನಲ್ಲಿ ಜಗದೇವಿ ಕೂತಿದ್ದಳು. ತೊಡೆಯ ಮೇಲೆ ಒಡೆದ ಹಾಸುಗಲ್ಲಿನ ಚೂರು, ಕೈಯಲ್ಲಿ ಸುಣ್ಣಗಲ್ಲಿನ ತುಂಡು. ಕಲ್ಲಿನ ತುಂಬ ಅಂಕಿಗಳು. ಮಾಸ್ತರರ ನೆರಳು ಬಿದ್ದೊಡನೆ ಬೆಚ್ಚಿ ಎದ್ದು ಗೋಡೆಗೆ ಬೆನ್ನು ಹಚ್ಚಿದಳು.

"ನಾ ಒಳಗ ಬಂದಿಲ್ರಿ ಸರ್! ಆಣಿ ಮಾಡ್ತೀನಿ, ಒಂದು ದಿನಾನೂ ಒಳಗ ಬಂದಿಲ್ರಿ. ಹೊರಗೇ ಕೂತೀನಿ."

ಈ ಮಾತಿಗೆ ಬಂದಾಗಲೇ ಮಾಸ್ತರರ ದನಿ ನಿಲ್ಲುತ್ತಿದ್ದುದು.

"ಮನಿಗ್ಯಾಕ ಹೋಗಲಿಲ್ಲವ್ವಾ? ನಿಮ್ಮವ್ವಗ ಯಾಕ ಹೇಳಲಿಲ್ಲ?" ಎಂದು ಕೇಳಿದರು.

"ಅವ್ವ ಒಂದು ದಿನ ಬಿಟ್ರ ಖಣಿಯಾಗ ಬ್ಯಾರೇದವರನ್ನ ಹಚ್ಕೋತಾರ್ರಿ. ಮನ್ಯಾಗ ನನ್ನ ಕೆಲಸ ಅಜ್ಜಾರು ಮಾಡ್ಲಕತ್ತಾರ್ರಿ. ಒಂದು ದಿನಾನೂ ಸಾಲಿ ತಪ್ಪಸಬ್ಯಾಡ ಅಂದಾರ. ಹೊರಗ ಹಾಕ್ಯಾರಂತ ಹೆಂಗ ಹೇಳ್ಲಿ?"

ಮಾಸ್ತರರು ಅವಳ ಕೈ ಹಿಡಿದು ಒಳಗೆ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದರು. ತಾವೇ ಗುಡಿಸಲಿಗೆ ಓಡಿ, ಹುಡುಗಿ ಕ್ಷೇಮವೆಂದು ಪೂಜ್ಯರಿಗೆ ಅರಿಕೆ ಮಾಡಿದರು. ಎಲ್ಲಿ ಕೂತಿದ್ದಳು, ಏನು ಬರೆಯುತ್ತಿದ್ದಳು, ಏನೆಂದಳು ಎಂಬುದನ್ನು ಬಿಕ್ಕುತ್ತಲೇ ಹೇಳಿ ಮುಗಿಸಿ, ಪಾದಗಳ ಮೇಲೆ ಬೀಳಲು ಬಾಗಿದರು.

ಪೂಜ್ಯರು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು. ಬೆನ್ನಿನ ಗಂಟು ಬಿಚ್ಚಿ, ನಿದ್ದೆಯ ಕೂಸನ್ನು ಮಾಸ್ತರರ ಎರಡೂ ಕೈಗಳಿಗೆ ಕೊಟ್ಟರು.

"ಕಾಲು ಹಿಡೀಬ್ಯಾಡ್ರಿ. ಇದನ್ನ ಹಿಡೀರಿ."

ಮಾಸ್ತರರಿಗೆ ಮಕ್ಕಳಿರಲಿಲ್ಲ. ಅಷ್ಟು ಚಿಕ್ಕ ಕೂಸನ್ನು ಅವರು ಎತ್ತಿಕೊಂಡದ್ದೇ ಅದು ಮೊದಲು. ಅದು ಎಷ್ಟು ಭಾರವೆಂಬುದು, ಹತ್ತು ವರ್ಷದ ಹುಡುಗಿ ಅದನ್ನು ಹಗಲಿಡೀ ಹೊತ್ತಿರುತ್ತಿದ್ದಳೆಂಬುದು ಆಗ ತಿಳಿಯಿತು. ಅಲುಗದೆ ನಿಂತರು. ಪೂಜ್ಯರು ಬಿದ್ದ ಬಟ್ಟೆಯನ್ನೆತ್ತಿ ಹಿಂಡಿ, ಹಗ್ಗದ ಮೇಲೆ ಹರವಿದರು.

"ಗೈರು ಅಂತ ಬರಿಯೂ ಮುಂದ ಆ ಮನಿ ಬಾಗಿಲಿಗೆ ಒಮ್ಮೆ ಹೋಗಿ ಬರ್ರಿ" ಎಂದರು.

ಸೋಮವಾರ ಮಠದ ಕಟ್ಟೆಯ ಮುಂದೆ ಭಕ್ತರು ನೆರೆದಾಗ ಪೂಜ್ಯರ ಅಪ್ಪಣೆ ಕೇಳಿ ಎಲ್ಲರೂ ದಂಗಾದರು. ಮಠದ ಸೇವೆ ಮಾಡಬೇಕೆನ್ನುವವರು ಇನ್ನು ಮೇಲೆ ಮಠಕ್ಕೆ ಬರಕೂಡದು. ದಿನಕ್ಕೊಬ್ಬರಂತೆ ಸಾಬಮ್ಮನ ಮನೆಗೆ, ಅಂಥ ಇನ್ನೂ ನಾಲ್ಕು ಮನೆಗಳಿಗೆ ಹೋಗಿ ಮುದುಕರನ್ನು, ಕೂಸುಗಳನ್ನು ನೋಡಿಕೊಳ್ಳಬೇಕು. ಗುರುಬಾಯಿ ತಾಟು ಹಿಡಿದವಳು ಹಿಡಿದಂತೆಯೇ ನಿಂತಳು. ಮರುದಿನ ಮುಂಜಾನೆ ಮುದುಕಿಗೆ ಅಂಬಲಿ ಕುಡಿಸಲು ಹೋದವಳೂ ಅವಳೇ. ಮೊದಲ ದಿನ ಮೂಗಿಗೆ ಸೆರಗು ಹಿಡಿದಿದ್ದಳಂತೆ, ವಾರದ ಮೇಲೆ ಅದನ್ನು ಮರೆತಳಂತೆ. ದೀಪಾವಳಿಯ ಹೊತ್ತಿಗೆ ಗಣಿಯ ಪಕ್ಕದಲ್ಲಿ ಕೂಸುಗಳಿಗೆಂದೇ ಒಂದು ನೆರಳಿನ ಚಪ್ಪರ ಎದ್ದಿತು. ನಡುಹೊತ್ತಿನಲ್ಲಿ ತಾಯಂದಿರು ಅಲ್ಲಿಗೇ ಬಂದು ಹಾಲೂಡಿಸಿ ಹೋಗುತ್ತಿದ್ದರು.

ಇನ್ನು ಮಾಸ್ತರರು ಮುಂಜಾನೆಯ ಗಂಟೆಗೆ ಮೊದಲೇ ಗುಡಿಸಲುಗಳ ಸಾಲಿನಲ್ಲಿ ಕಾಣಿಸಿಕೊಳ್ಳತೊಡಗಿದರು. ನಿನ್ನೆ ಬಾರದ ಮಗುವಿನ ಮನೆಯ ಮುಂದೆ ನಿಂತು "ಯವ್ವಾ, ಏನು ತ್ರಾಸ ಅದ?" ಎಂದು ಕೇಳುವರು. ಒಂದೆಡೆ ಜ್ವರ, ಒಂದೆಡೆ ಒಣಗದ ಒಂದೇ ಅಂಗಿ, ಒಂದೆಡೆ ಕುಡಿದು ಬಡಿಯುವ ತಂದೆ. ತಮ್ಮ ಕೈಲಾದದ್ದನ್ನು ತಾವು ಮಾಡಿ, ಆಗದ್ದನ್ನು ಮಠಕ್ಕೆ ಮುಟ್ಟಿಸುವರು.

ವರ್ಷದ ಕೊನೆಗೆ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಶಿಕ್ಷಕರ ಹಾಜರಿ ಪುಸ್ತಕ ತಿರುವಿ ಹಾಕಿ ಸಿಡುಕಿದರು. ಮುಖ್ಯೋಪಾಧ್ಯಾಯರೇ ಇಪ್ಪತ್ಮೂರು ದಿನ ತಡವಾಗಿ ಬಂದಿದ್ದರು. ಒಂದೊಂದನ್ನೂ ತಾವೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು. "ಇದೇನ್ರಿ ಚನಮಲ್ಲಪ್ಪ, ನಾಚಿಕಿ ಆಗಂಗಿಲ್ಲೇನು?" ಎಂದರು ಸಾಹೇಬರು.

ಮಾಸ್ತರರು ಕೈಮುಗಿದು ಮಕ್ಕಳ ಹಾಜರಿ ಪುಸ್ತಕವನ್ನು ಮುಂದಿಟ್ಟರು. ಸಾಹೇಬರು ಒಂದೊಂದೇ ಪುಟ ತಿರುವಿದರು. ಗೈರು ಎಂದು ಬರೆದದ್ದು ಎಲ್ಲೋ ಒಂದೊಂದು ಕಡೆ ಮಾತ್ರ. ಮತ್ತೊಮ್ಮೆ ಮೊದಲಿನಿಂದ ತಿರುವಿದರು. ಆಮೇಲೆ ಎದ್ದು, ತುಂಬಿ ಕೂತಿದ್ದ ನಾಲ್ಕನೆಯ ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಬ್ಬೊಬ್ಬರಾಗಿ ಎಣಿಸಿದರು.