ಬಾವಿಗೋಡೆಯ ನಾಗಪ್ಪ

"ಮೇಷ್ಟ್ರೇ, ಒಳ್ಳೆಯ ಡಿಸೈನಿಗೆ ಯಾವುದು ಮುಖ್ಯ? ಸಾಫ್ಟ್‌ವೇರೋ, ಕೈಯ ಪಳಗಿಕೆಯೋ?" ಎಂದು ವಾರಿಜಾ ಕೇಳಿದಳು.

ಹಾಲಸ್ವಾಮಿ ಮೇಷ್ಟ್ರು ಒಂದು ಕಾಲಕ್ಕೆ ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದವರು. ಈಗ ದಾವಣಗೆರೆಯ ತಮ್ಮ ಮನೆಯ ಮಹಡಿಯಲ್ಲಿ ನಾಲ್ಕಾರು ಕಂಪ್ಯೂಟರ್ ಇಟ್ಟುಕೊಂಡು ಡಿಸೈನ್ ಕಲಿಸುತ್ತಾರೆ. ವಾರಿಜಾ ಅವರ ಜಾಣ ಶಿಷ್ಯೆ. ಸ್ವಂತ ಕೆಲಸ ಶುರುಮಾಡುತ್ತೇನೆಂದು ಹೊರಟವಳು ಯಾವ ಸಾಫ್ಟ್‌ವೇರ್ ಎಂಬಲ್ಲಿಗೆ ಬಂದು ನಿಂತುಬಿಟ್ಟಿದ್ದಳು. ತಿಂಗಳ ಬಾಡಿಗೆ ಕೇಳುವುದು ಒಂದು, ಪುಕ್ಕಟೆ ಸಿಗುವುದು ಇನ್ನೊಂದು. ಒಂದನ್ನು ಹೊಗಳುವ ವಿಡಿಯೋ ನೋಡಿ ಮಲಗಿದರೆ ಬೆಳಿಗ್ಗೆ ಅದನ್ನೇ ತೆಗಳುವ ವಿಡಿಯೋ ಬಂದಿರುತ್ತಿತ್ತು. ಇಷ್ಟಾದರೂ ಅವಳ ಕೈಯಿಂದ ಒಂದು ಲಗ್ನಪತ್ರಿಕೆಯೂ ಹೊರಬಿದ್ದಿರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಂದರೆ ಉತ್ತರ ಸಿಗುವುದಿಲ್ಲ, ಕತೆ ಸಿಗುತ್ತದೆ ಎಂದರ್ಥ. ಅವರು ಹೇಳತೊಡಗಿದರು.

ಒಂದು ಊರಿನ ಹೊರಗೆ, ದಾರಿಯ ಮಗ್ಗುಲಲ್ಲಿ ಒಂದು ಬಾವಿಯಿತ್ತು. ಒಂದು ಬೇಸಿಗೆಯಲ್ಲಿ ಅದರ ನೀರು ಕೆಟ್ಟಿತು. ಕುಡಿದವರು ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದರು. ಒಂದು ಮಗು ಮತ್ತೆ ಏಳಲಿಲ್ಲ.

ಊರಿನವರಿಗೆ ಡಂಗುರ ಸಾರಿಸಿದ್ದಾಯಿತು. ಆದರೆ ದಾರಿಹೋಕರಿಗೆ ಹೇಳುವವರು ಯಾರು? ಗೌಡ ಬಾವಿಯ ಬಾಯಿಗೆ ಮುಳ್ಳು ಹಾಕಿಸಿದ. ದನ ಬೀಳದಿರಲೆಂದು ಹಾಕಿದ್ದಾರೆ ಎಂದುಕೊಂಡು ಜನ ಮುಳ್ಳು ಸರಿಸಿ ನೀರು ಸೇದಿದರು. ಬಾವಿಯನ್ನೇ ಮುಚ್ಚಿಬಿಡಲು ಯಾರಿಗೂ ಮನಸ್ಸು ಬರಲಿಲ್ಲ. ಮಳೆ ಬಂದು ಹೊಸ ನೀರು ತುಂಬಿದರೆ ಸರಿಹೋದೀತೆಂಬ ಆಸೆ. ಅಲ್ಲಿಯವರೆಗೆ ಇನ್ನೊಂದು ಮಗು ಸಾಯಬಾರದು, ಅಷ್ಟೇ ಗೌಡನ ಚಿಂತೆ. ಬಾವಿಯ ಬೆನ್ನಿಗೆ ಆಳೆತ್ತರದ ಒಂದು ಗೋಡೆಯಿತ್ತು. ಓದು ಬಾರದವರಿಗೂ ತಿಳಿಯುವಂಥ ಎಚ್ಚರಿಕೆಯೊಂದನ್ನು ಅದರ ಮೇಲೆ ಬರೆಯಬೇಕೆಂದು ಅವನು ಒಬ್ಬ ಚಿತ್ರಕಾರನನ್ನು ಕರೆಸಿದ.

ಆ ಚಿತ್ರಕಾರ ಸಾಮಾನ್ಯನಲ್ಲ. ಅವನಷ್ಟು ನಯವಾದ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಸಲಕರಣೆಯ ವಿಷಯದಲ್ಲಿ ಮಾತ್ರ ನಮ್ಮ ವಾರಿಜಾಳನ್ನೂ ಮೀರಿಸಿದವನು. ಹಂದಿಗೂದಲಿನ ಕುಂಚ ಒರಟಾಯಿತು, ಅಳಿಲಿನ ಬಾಲದ ಕುಂಚವೇ ಬೇಕೆಂದ. ಅದನ್ನು ತರಿಸಿಕೊಟ್ಟರು. ಅಂಗಡಿಯ ಬಣ್ಣ ಬೇಡ, ಕಲ್ಲಿನ ಬಣ್ಣ ಬೇಕೆಂದ. ಅದನ್ನೂ ಅರೆಸಿಕೊಟ್ಟರು. ಆಮೇಲೆ ಊಟ ನಿದ್ದೆ ಮರೆತು ಕೂತು, ಹೆಡೆಯೆತ್ತಿದ ಒಂದು ಸರ್ಪವನ್ನು ಬರೆದ. ವಿಷವೆಂದರೆ ಹಾವು, ಎಳೆಮಗುವಿಗೂ ತಿಳಿಯುವ ಮಾತು ಎಂದು ಅವನ ಲೆಕ್ಕ.

ಎಂಥ ಸರ್ಪ ಅದು. ಬೀದಿನಾಯಿಗಳು ಗೋಡೆ ನೋಡಿ ಬೊಗಳಿದವು. ಗೌಡ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ನಾಚಿಕೊಂಡು ನಕ್ಕ. ಚಿತ್ರಕಾರ ಶಾಲು ಹೊದೆಸಿಕೊಂಡು ತನ್ನ ಊರಿಗೆ ಹೋದ.

ಕೆಲವು ದಿನ ಕಳೆದವು. ತಾನು ಬರೆದದ್ದನ್ನು ತಾನೇ ಮತ್ತೊಮ್ಮೆ ನೋಡಬೇಕೆಂಬ ಆಸೆ ಅವನಿಗೆ ತಡೆಯಲಾಗಲಿಲ್ಲ. ಕಲಾವಿದನಿಗೆ ಇರುವ ರೋಗವೇ ಅದು, ತಪ್ಪೇನಲ್ಲ. ದೂರದಿಂದಲೇ ಬಾವಿಯ ಸುತ್ತ ಜನ ಕಂಡರು. ಚಿತ್ರ ನೋಡಲು ಬಂದಿದ್ದಾರೆಂದು ಅವನ ಎದೆ ಉಬ್ಬಿತು. ಹತ್ತಿರ ಹೋದ. ಹಾವಿನ ಹೆಡೆಗೆ ಅರಿಸಿನ ಕುಂಕುಮ ಮೆತ್ತಿತ್ತು. ಬುಡದಲ್ಲಿ ಹೂವು, ಹಾಲಿನ ಬಟ್ಟಲು, ಉರಿಯುವ ಕರ್ಪೂರ. ಪಕ್ಕದ ಊರುಗಳಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಒಬ್ಬ ಹೆಂಗಸು ಬಾವಿಯ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಕಂಕುಳಲ್ಲಿದ್ದ ಕೂಸಿನ ಬಾಯಿಗೆ ತೀರ್ಥವೆಂದು ಹಿಡಿದಿದ್ದಳು.

ಅವನು ಓಡಿಹೋಗಿ ಅವಳ ಕೈಯನ್ನು ತಳ್ಳಿದ. ನೀರು ನೆಲಕ್ಕೆ ಚೆಲ್ಲಿತು.

"ಇದು ವಿಷ, ತಾಯಿ. ಗೋಡೆಯ ಮೇಲೆ ಬರೆದಿರುವುದು ಕಾಣಿಸುವುದಿಲ್ಲವೇ?" ಎಂದ.

"ಕಾಣದೆ ಏನಣ್ಣ? ಈ ನೀರು ಕೆಟ್ಟದ್ದು ಅಂತ ಯಾರೋ ಅಂದಿದ್ರು. ಇತ್ತ ಬರೋಕೇ ಹೆದರಿಕೆ ಆಗ್ತಿತ್ತು. ನಾಗಪ್ಪ ಬಂದು ಕೂತ ಮೇಲೆ ನಮಗೆ ಧೈರ್ಯ ಬಂತು" ಎಂದಳು ಆಕೆ.

ಅವಳು ಕಂಡದ್ದು ಸುಳ್ಳಲ್ಲ. ಅವನು ಹಾವನ್ನು ಅಷ್ಟು ಚೆನ್ನಾಗಿ ಬರೆಯದೆ ಹೋಗಿದ್ದರೆ ಅದು ದೇವರಾಗುತ್ತಿರಲಿಲ್ಲ. ಗೌಡ ಬಂದು ಬೇಡವೆಂದರೂ ಜನ ಕೇಳುತ್ತಿರಲಿಲ್ಲವಂತೆ. ನಾಗಪ್ಪ ಕಾಯುವ ನೀರು ಕೆಡುವುದುಂಟೇ ಎಂದು ಅವನಿಗೇ ಬುದ್ಧಿ ಹೇಳುತ್ತಿದ್ದರಂತೆ. ಕುಡಿದು ಹಾಸಿಗೆ ಹಿಡಿದವರು ಪೂಜೆಯಲ್ಲಿ ಏನೋ ಲೋಪವಾಯಿತೆಂದುಕೊಂಡರಂತೆ.

ಚಿತ್ರಕಾರ ಬಂದವರಿಗೆಲ್ಲ ಕೈಮುಗಿದು ತಡೆಯುತ್ತ ಅಲ್ಲೇ ಕೂತ. ಕೆಲವರು ಕೇಳಿದರು, ಕೆಲವರು ಇವನಿಗೆ ತಲೆ ಕೆಟ್ಟಿದೆ ಎಂದರು. ಅವನು ಮೊದಲ ಸಲ ಗೋಡೆಯನ್ನು ಬಿಟ್ಟು ಜನರನ್ನು ನೋಡಿದ. ಯಾವುದಕ್ಕೆ ಹತ್ತಿರ ಬರುತ್ತಾರೆ, ಯಾವುದರಿಂದ ದೂರ ಸರಿಯುತ್ತಾರೆ ಎಂದು ನೋಡಿದ. ಬಿಸಿಲು ಇಳಿಯುವ ಹೊತ್ತಿಗೆ ಆ ದಾರಿಯಲ್ಲಿ ಒಂದು ಹೆಣ ಹೋಯಿತು. ಮುಂದೆ ಬೆಂಕಿ ಮಡಕೆ ಹಿಡಿದವನು, ಹಿಂದೆ ಚಟ್ಟ ಹೊತ್ತವರು. ಬಾವಿಯ ಬಳಿ ಇದ್ದವರು ಒಂದು ಮಾತೂ ಆಡದೆ ಎದ್ದರು. ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ತುಂಬಿದ ಕೊಡಗಳನ್ನು ಅಲ್ಲೇ ಚೆಲ್ಲಿ ದೂರ ಹೋಗಿ ನಿಂತರು. ಯಾರೂ ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ.

ಜನ ಮನೆಗೆ ಹೋದ ಮೇಲೆ ಅವನು ತಪ್ಪಾಯಿತೆಂದು ಸರ್ಪಕ್ಕೆ ಅಡ್ಡಬಿದ್ದ. ಗೌಡನ ಮನೆಯಿಂದ ಸುಣ್ಣ ತಂದು ಅದರ ಮೇಲೆ ಬಳಿದ. ತನ್ನ ಜೀವಮಾನದ ಚಿತ್ರ ಅದು, ಅಂಥದು ಇನ್ನೊಮ್ಮೆ ಬರದೆಂದು ಅವನಿಗೆ ಗೊತ್ತಿತ್ತು. ಕಣ್ಣೀರು ಒರೆಸಿಕೊಳ್ಳಲೂ ನಿಲ್ಲದೆ ಬಳಿದ. ಆಮೇಲೆ ಒಂದು ಇದ್ದಿಲ ತುಂಡು ಹಿಡಿದು ಎರಡು ಉದ್ದದ ಬಿದಿರು, ನಾಲ್ಕು ಅಡ್ಡ ಕಡ್ಡಿ, ಅದರ ಮೇಲೆ ಮುಸುಕು ಹಾಕಿದ ಒಂದು ಪುಟ್ಟ ದೇಹ, ಮುಂದೆ ಹೊಗೆಯಾಡುವ ಮಡಕೆ, ಇಷ್ಟನ್ನು ಗೀಚಿದ. ಕುಂಚದ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಬಿಚ್ಚಿದರೆ ಎಲ್ಲಿ ಚೆನ್ನಾಗಿ ಬರೆದುಬಿಡುತ್ತೇನೋ ಎಂದು ಅವನಿಗೆ ಭಯ.

ಬೆಳಿಗ್ಗೆ ಬಂದವರು ಅಷ್ಟು ದೂರದಲ್ಲೇ ನಿಂತರು. ಒಬ್ಬರೂ ಹಗ್ಗ ಮುಟ್ಟಲಿಲ್ಲ. ನಾಗಪ್ಪನನ್ನು ಅಳಿಸಿ ಅಪಶಕುನ ಬರೆದ ಪಾಪಿಯ ಕೈ ಸೇದುಹೋಗಲಿ ಎಂದು ಶಪಿಸಿದರು. ಇನ್ನು ಈ ಸೀಮೆಯಲ್ಲಿ ಅವನಿಂದ ಒಂದು ಗೆರೆಯನ್ನೂ ಬರೆಸಬಾರದೆಂದು ಹಿರಿಯರು ಕೂತು ತೀರ್ಮಾನ ಮಾಡಿದರು. ಹೊದೆಸಿದ್ದ ಶಾಲನ್ನು ವಾಪಸು ಕೇಳಿದರು. ಅವನು ಮಡಿಸಿ ಕೊಟ್ಟ.

ಆ ಬೇಸಿಗೆಯಲ್ಲಿ ಇನ್ನೊಂದು ಮಗು ಸಾಯಲಿಲ್ಲ. ಮಳೆ ಬಂತು, ಬಾವಿಗೆ ಹೊಸ ನೀರು ಬಂತು. ಗೋಡೆಯ ಮೇಲಿದ್ದ ಚಟ್ಟವನ್ನು ಜನ ಉಗಿದುಕೊಂಡೇ ಅಳಿಸಿದರು. ಸುದ್ದಿ ಚಿತ್ರಕಾರನಿಗೆ ಮುಟ್ಟಿತು. ತಾನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ಚಿತ್ರ ಎಂದು ಹೆಂಡತಿಗೆ ಹೇಳಿ, ಆ ದಿನ ಹೊಟ್ಟೆ ತುಂಬ ಊಟ ಮಾಡಿದ.

ಕತೆ ಮುಗಿಯಿತು. ಅಂಥವನ ಕಾಲ ಬಳಿ ಕೂತು ಕಲಿಯುವ ಭಾಗ್ಯ ತಮಗೆ ಸಿಗಲಿಲ್ಲವಲ್ಲ ಎಂದು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ವಾರಿಜಾಳ ಮುಖ ಅರಳಿತು. ಇದ್ದಿಲ ತುಂಡಿನಿಂದಲೇ ಅಷ್ಟು ಆಯಿತೆಂದರೆ ತನ್ನ ಹುಡುಕಾಟ ಮುಗಿಯಿತು ಎಂದುಕೊಂಡಳು.

"ಹಾಗಾದರೆ ಸಲಕರಣೆ ಯಾವುದಾದರೂ ಸರಿ, ಕೈಯೇ ದೊಡ್ಡದು ಅಂದಂಗಾಯ್ತು ಅಲ್ವಾ ಮೇಷ್ಟ್ರೇ?" ಎಂದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು.

"ಹಾವು ಬರೆದದ್ದೂ ಅದೇ ಕೈ ಅಲ್ಲವೇನಮ್ಮ?"

ವಾರಿಜಾ ಎದ್ದು ಕಿಟಕಿಯ ಬಳಿ ಹೋಗಿ, ಕೆಳಗೆ ಬೀದಿಯಲ್ಲಿ ಓಡಾಡುವ ಜನರನ್ನು ನೋಡತೊಡಗಿದಳು.